ಗಣಕಯಂತ್ರದ ಗಡಿಯಾರ ಮತ್ತು ರೂಟರ್‌ನ ಫೈರ್‌ವಾಲ್

ನಮೂನೆ 11ಬಿ ಪಡೆಯಲು ಬೆಳಿಗ್ಗೆಯೇ ಬಂದ ಅರ್ಜಿದಾರರೊಬ್ಬರನ್ನು ಸಂಜೆ ಬರಿಗೈಯಲ್ಲಿ ಕಳುಹಿಸಬೇಕಾಗಿ ಬಂದದ್ದು ಈ ಲೇಖನಕ್ಕೆ ಕಾರಣ. ಅಂದು ವಿದ್ಯುತ್ ಇತ್ತು, ಅಂತರ್ಜಾಲವಿತ್ತು, ಡಿಜಿಟಲ್ ಸಹಿಯ ಟೋಕನ್ನೂ ಸರಿಯಿತ್ತು. ಆದರೂ ಸಂಪರ್ಕ ಸುರಕ್ಷಿತವಲ್ಲವೆಂದು ಬ್ರೌಸರ್ ತಡೆಯುತ್ತಿತ್ತು. ಗಣಕಯಂತ್ರದ ದಿನಾಂಕ ಹಲವು ವರ್ಷ ಹಿಂದಕ್ಕೆ ಸರಿದಿತ್ತು. ಪ್ರತಿಯೊಂದು ಜಾಲತಾಣದ ಭದ್ರತಾ ಪ್ರಮಾಣಪತ್ರಕ್ಕೂ ಆರಂಭ ಹಾಗೂ ಮುಕ್ತಾಯದ ದಿನಾಂಕಗಳಿರುತ್ತವೆ. ಹಿಂದುಳಿದ ಗಡಿಯಾರದ ಪಾಲಿಗೆ ಆ ಪತ್ರ ಇನ್ನೂ ಜಾರಿಗೇ ಬಂದಿರುವುದಿಲ್ಲ.

ಮದರ್‌ಬೋರ್ಡ್‌ನ ಸಿಆರ್2032 ಕೋಶ ಸತ್ತಿತ್ತು. ಅದನ್ನು ಬದಲಿಸಿದ ಮೇಲೂ ಗಡಿಯಾರ ತಾನಾಗಿ ಸರಿಹೋಗಲಿಲ್ಲ. ಹಳೆಯ ಗಣಕಯಂತ್ರವೊಂದಕ್ಕೆ ಲಿನಕ್ಸ್ ಅಳವಡಿಸಿ ರೂಟರ್ ಮಾಡಿದ್ದವನು ನಾನೇ. ಅದರ ಫೈರ್‌ವಾಲ್‌ನಲ್ಲಿ ಜಾಲತಾಣ ವೀಕ್ಷಣೆಗೆ ಬೇಕಾದುದನ್ನಷ್ಟೇ ಬಿಟ್ಟು ಉಳಿದೆಲ್ಲವನ್ನೂ ತಡೆದಿದ್ದೆ.

ಸಮಯ ಹೊಂದಾಣಿಕೆಗೆ ಬಳಸುವ ಎನ್‌ಟಿಪಿ ವಿಧಾನದಲ್ಲಿ ಗಣಕಯಂತ್ರವು 48 ಬೈಟ್‌ನ ಪುಟ್ಟ ಸಂದೇಶವೊಂದನ್ನು ಯುಡಿಪಿ 123ನೇ ಪೋರ್ಟ್‌ಗೆ ಕಳುಹಿಸುತ್ತದೆ. ಉತ್ತರ ಬಂದಾಗ, ಹೋಗಿಬರಲು ಹಿಡಿದ ಅವಧಿಯನ್ನು ಲೆಕ್ಕಕ್ಕೆ ತೆಗೆದುಕೊಂಡು ತನ್ನ ಸಮಯವನ್ನು ತಿದ್ದಿಕೊಳ್ಳುತ್ತದೆ. ಫೈರ್‌ವಾಲ್ ಆ ಸಂದೇಶವನ್ನು ಸದ್ದಿಲ್ಲದೆ ಕೈಬಿಟ್ಟರೆ ಉತ್ತರ ಬರುವುದೇ ಇಲ್ಲ.

ದೋಷ ತಿಳಿದ ಮೇಲೂ ನಾನು ಮತ್ತೊಮ್ಮೆ ಎಡವಿದೆ. 123ನೇ ಪೋರ್ಟ್‌ಗೆ ‘ಇನ್‌ಪುಟ್’ ಸರಪಳಿಯಲ್ಲಿ ಅನುಮತಿ ನೀಡಿದೆ. ಆ ಸರಪಳಿ ರೂಟರ್‌ಗೇ ಬರುವ ಸಂದೇಶಗಳಿಗೆ ಸಂಬಂಧಿಸಿದ್ದು. ರೂಟರ್ ಮೂಲಕ ಹಾದು ಹೊರಹೋಗುವ ಸಂದೇಶಗಳಿಗೆ ‘ಫಾರ್ವರ್ಡ್’ ಸರಪಳಿ ಅನ್ವಯಿಸುತ್ತದೆ. ಅಲ್ಲಿ ಒಳಜಾಲದಿಂದ ಹೊರಕ್ಕೆ ಯುಡಿಪಿ 123ಕ್ಕೆ ಅನುಮತಿ ನೀಡಿ, ಅದನ್ನು ತಡೆ ನಿಯಮಕ್ಕಿಂತ ಮೇಲೆ ಇರಿಸಬೇಕು. ಈಗಾಗಲೇ ಆರಂಭವಾದ ಸಂಪರ್ಕಗಳ ಉತ್ತರವನ್ನು ಒಳಬಿಡುವ ನಿಯಮವೂ ಇರಬೇಕು. ಟಿಸಿಪಿ ಎಂದು ನಮೂದಿಸಿದರೆ ಪ್ರಯೋಜನವಿಲ್ಲ. ನಿಯಮವನ್ನು ಕಾಯಂ ಆಗಿ ಉಳಿಸದಿದ್ದರೆ ಮುಂದಿನ ವಿದ್ಯುತ್ ಕಡಿತದೊಂದಿಗೆ ಅದೂ ಹೋಗುತ್ತದೆ. ಫೈರ್‌ವಾಲನ್ನೇ ಸ್ಥಗಿತಗೊಳಿಸುವ ಸುಲಭದ ದಾರಿಯನ್ನು ಯಾರೂ ಹಿಡಿಯಬಾರದು.

ಇದಕ್ಕಿಂತ ಉತ್ತಮ ವ್ಯವಸ್ಥೆಯೊಂದಿದೆ. ರೂಟರ್‌ನಲ್ಲಿ ಕ್ರೋನಿ ತಂತ್ರಾಂಶ ಅಳವಡಿಸಿ, ಅದು ಮಾತ್ರ ಹೊರಗಿನ ಸಮಯ ಪಡೆದು ಕಚೇರಿಯ ಉಳಿದ ಯಂತ್ರಗಳಿಗೆ ಹಂಚುವಂತೆ ಮಾಡಬಹುದು. ಆಗ ಒಳಜಾಲದ ಕಡೆಯಿಂದ ‘ಇನ್‌ಪುಟ್’ನಲ್ಲಿ 123ನೇ ಪೋರ್ಟ್ ತೆರೆದಿರಬೇಕು, ಹೊರಗಿನ ಕಡೆಯಿಂದ ಮುಚ್ಚಿರಬೇಕು. ಸರ್ಕಾರಿ ಸಂಸ್ಥೆಗಳು ಎನ್.ಐ.ಸಿ. ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯ ಸರ್ವರ್‌ಗಳಿಗೆ, ಇಲ್ಲವೇ ಅವುಗಳಿಗೆ ಹೊಂದಿಕೊಂಡ ಸರ್ವರ್‌ಗಳಿಗೆ, ತಮ್ಮ ಗಡಿಯಾರಗಳನ್ನು ಹೊಂದಿಸಬೇಕೆಂದು ಸರ್ಟ್-ಇನ್ 28-4-2022ರಂದು ನಿರ್ದೇಶಿಸಿದೆ. (ಸೂರ್ಯನನ್ನು ನಂಬುವವರಿಗೆ ಒಂದು ಮಾತು: ಭಾರತೀಯ ಪ್ರಮಾಣ ಸಮಯವು 82.5 ಡಿಗ್ರಿ ಪೂರ್ವ ರೇಖಾಂಶದ್ದಾದ್ದರಿಂದ ಗುರುಗುಂಟಾದಲ್ಲಿ ಸೂರ್ಯ ನೆತ್ತಿಗೇರುವಾಗ ಸರಾಸರಿ 12 ಗಂಟೆ ದಾಟಿ ಇಪ್ಪತ್ತಕ್ಕೂ ಹೆಚ್ಚು ನಿಮಿಷವಾಗಿರುತ್ತದೆ.)

ವಿಂಡೋಸ್ ಯಂತ್ರಗಳಲ್ಲಿ ಇನ್ನೊಂದು ತೊಡಕಿದೆ. ವ್ಯತ್ಯಾಸ 15 ಗಂಟೆಗಳಿಗಿಂತ ಹೆಚ್ಚಿದ್ದರೆ ಅದು ಸಾಮಾನ್ಯವಾಗಿ ತಾನಾಗಿ ತಿದ್ದಿಕೊಳ್ಳುವುದಿಲ್ಲ. ಆದ್ದರಿಂದ ದಿನಾಂಕ ಮತ್ತು ಸಮಯವಲಯವನ್ನು ಮೊದಲು ಕೈಯಿಂದ ಸರಿಪಡಿಸಿ, ನಂತರ ಹೊಂದಾಣಿಕೆಯ ಗುಂಡಿ ಒತ್ತಬೇಕು. ರೂಟರ್‌ನಲ್ಲಿ ಕ್ರೋನಿಯ ಮೂಲಗಳ ಪಟ್ಟಿ ತೆರೆದಾಗ ಒಂದು ಸರ್ವರ್‌ನ ಮುಂದೆ ನಕ್ಷತ್ರ ಚಿಹ್ನೆ ಕಂಡರೆ, ಸಮಯ ಅಲ್ಲಿಂದ ಬರುತ್ತಿದೆ ಎಂದರ್ಥ.