ಮನೆಗೆ ನುಗ್ಗಿದ ಕಳ್ಳನನ್ನು ಕೊಂದರೆ ಕೊಲೆಯೇ? ಕಾನೂನು ಹೇಳುವುದೇನು?

ನಡುರಾತ್ರಿ ಚಿಲಕ ಮುರಿದು ಒಳನುಗ್ಗಿದವನ ಮೇಲೆ ಮನೆಯ ಯಜಮಾನ ಕೈಗೆ ಸಿಕ್ಕ ಮಚ್ಚು ಬೀಸುತ್ತಾನೆ, ನುಗ್ಗಿದವನು ಸಾಯುತ್ತಾನೆ. ಯಜಮಾನ ಕೊಲೆಗಾರನಾಗುವನೇ? ಮನೆಯೊಳಗೆ ಬಂದ ಕಳ್ಳನನ್ನು ಏನು ಮಾಡಿದರೂ ತಪ್ಪಿಲ್ಲವೆಂಬುದು ಹಲವರ ನಂಬಿಕೆ. ಕಾನೂನು ಇದನ್ನು ಅರ್ಧದಷ್ಟು ಮಾತ್ರ ಒಪ್ಪುತ್ತದೆ.

ಭಾರತೀಯ ದಂಡ ಸಂಹಿತೆಯ 96ರಿಂದ 106ರವರೆಗಿನ ಕಲಮುಗಳಲ್ಲಿದ್ದ ಆತ್ಮರಕ್ಷಣೆಯ ಹಕ್ಕು, 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 34ರಿಂದ 44ರವರೆಗಿನ ಕಲಮುಗಳಾಗಿವೆ. ಸಂಖ್ಯೆ ಬದಲಾದರೂ ತಿರುಳು ಬಹುಮಟ್ಟಿಗೆ ಹಿಂದಿನದೇ.

ಪ್ರಾಣಹಾನಿಗೆ ರಕ್ಷಣೆ ಯಾವಾಗ?

ಸಾವು, ತೀವ್ರ ಗಾಯ, ಅತ್ಯಾಚಾರ, ಅಪಹರಣ, ಆ್ಯಸಿಡ್ ದಾಳಿ ಮುಂತಾದವುಗಳ ಭೀತಿಯಿದ್ದಾಗ ದಾಳಿಕೋರನ ಪ್ರಾಣಹಾನಿಯಾದರೂ ಅಪರಾಧವಲ್ಲ ಎನ್ನುತ್ತದೆ 38ನೇ ಕಲಂ. ಆಸ್ತಿಯ ವಿಷಯದಲ್ಲಿ 41ನೇ ಕಲಂ ನಾಲ್ಕು ಸಂದರ್ಭಗಳನ್ನು ಹೆಸರಿಸಿದೆ: ಸುಲಿಗೆ, ಸೂರ್ಯಾಸ್ತದಿಂದ ಸೂರ್ಯೋದಯದ ನಡುವಿನ ಮನೆಗನ್ನ, ವಾಸದ ಮನೆಗೆ ಅಥವಾ ಸರಕು ಇಡುವ ಕಟ್ಟಡಕ್ಕೆ ಬೆಂಕಿ ಇಲ್ಲವೇ ಸ್ಫೋಟಕದಿಂದ ಹಾನಿ, ಸುಮ್ಮನಿದ್ದರೆ ಸಾವು ಅಥವಾ ತೀವ್ರ ಗಾಯವಾದೀತೆಂಬ ಸಕಾರಣ ಭೀತಿ ಹುಟ್ಟಿಸುವ ಕಳವು, ಹಾನಿ ಅಥವಾ ಗೃಹ ಅತಿಕ್ರಮಣ. ಹಗಲಿನಲ್ಲಿ ತೆರೆದ ಬಾಗಿಲಿನಿಂದ ಬಂದು ಮೊಬೈಲ್ ಕದಿಯುವವನನ್ನು ತಡೆಯಬಹುದು, ಹಿಡಿಯಬಹುದು, ಕೊಲ್ಲುವಂತಿಲ್ಲ.

ಹಕ್ಕಿನ ಮಿತಿ

ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ. ಪೊಲೀಸರ ನೆರವು ಪಡೆಯಲು ಕಾಲಾವಕಾಶವಿದ್ದರೆ ಈ ಹಕ್ಕೇ ಇರುವುದಿಲ್ಲ. ರಾತ್ರಿಯ ಮನೆಗನ್ನದಲ್ಲಿ ಅತಿಕ್ರಮಣ ಮುಂದುವರಿದಿರುವವರೆಗೆ ಮಾತ್ರ ಹಕ್ಕು ಜೀವಂತ. ಬರಿಗೈಯಲ್ಲಿ ಓಡಿಹೋಗುತ್ತಿರುವವನನ್ನು ಬೀದಿಯಲ್ಲಿ ಅಟ್ಟಿಸಿಕೊಂಡು ಹೋಗಿ ಕೊಂದರೆ, ಕಂಬಕ್ಕೆ ಕಟ್ಟಿ ಹೊಡೆದು ಸಾಯಿಸಿದರೆ ಅದು ರಕ್ಷಣೆಯಲ್ಲ, ಸೇಡು.

ಪೂರ್ವಸಿದ್ಧತೆಯಿಲ್ಲದೆ, ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವ ಉದ್ದೇಶವಿಲ್ಲದೆ, ಸದ್ಭಾವನೆಯಿಂದ ಮಿತಿ ಮೀರಿದ್ದರೆ ಕೃತ್ಯವನ್ನು ಕೊಲೆಯೆನ್ನದೆ ದಂಡನೀಯ ನರಹತ್ಯೆಯೆಂದು ಪರಿಗಣಿಸಲಾಗುತ್ತದೆ. ಆದರೆ ಅದಕ್ಕೂ ಜೀವಾವಧಿಯವರೆಗೆ ಶಿಕ್ಷೆಗೆ ಅವಕಾಶವಿದೆ.

ಕಾಂಪೌಂಡಿಗೆ ವಿದ್ಯುತ್ ಹರಿಸಬಹುದೇ?

ತನ್ನ ಶೌಚಾಲಯವನ್ನು ಪರರು ಬಳಸದಂತೆ ಬರಿಯ ತಂತಿಗೆ ವಿದ್ಯುತ್ ಹರಿಸಿದ್ದ ಬಿಹಾರದ ವ್ಯಕ್ತಿಯೊಬ್ಬನ ಪ್ರಕರಣದಲ್ಲಿ ನೆರೆಮನೆಯ ಮಹಿಳೆ ಸಾವಿಗೀಡಾಗಿದ್ದರು. 1963ರಲ್ಲಿ ಸುಪ್ರೀಂ ಕೋರ್ಟ್ ಆತನ ಆತ್ಮರಕ್ಷಣೆಯ ವಾದವನ್ನು ತಳ್ಳಿಹಾಕಿ, ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದ ಅಪರಾಧವನ್ನು ಎತ್ತಿಹಿಡಿಯಿತು. ಅತಿಕ್ರಮಿಸಿದವರ ಪ್ರಾಣಕ್ಕೂ ಕಾನೂನಿನ ರಕ್ಷಣೆಯುಂಟು.

ನ್ಯಾಯಾಲಯದ ದೃಷ್ಟಿ

ಆತ್ಮರಕ್ಷಣೆಯನ್ನು ತೋರಿಸಿಕೊಡುವ ಹೊಣೆ ಆರೋಪಿಯದು. ಆದರೆ ಸಂಶಯಾತೀತ ಸಾಕ್ಷ್ಯ ಬೇಕಿಲ್ಲ. ಸಂಭವನೀಯತೆ ತನ್ನ ಕಡೆಗಿದೆಯೆಂದು ತೋರಿಸಿದರೆ ಸಾಕು. ದರ್ಶನ್ ಸಿಂಗ್ ಪ್ರಕರಣದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟ್ ಈ ಹಕ್ಕಿನ ಹತ್ತು ಸೂತ್ರಗಳನ್ನು ಕ್ರೋಡೀಕರಿಸಿತು. ಅಪಾಯ ಎದುರಾದ ಆ ಗಳಿಗೆಯಲ್ಲಿ ಪ್ರತಿಯೇಟನ್ನು ತಕ್ಕಡಿಯಲ್ಲಿ ತೂಗಿ ಕೊಡುವುದು ಯಾರಿಂದಲೂ ಸಾಧ್ಯವಿಲ್ಲವೆಂಬುದನ್ನು ನ್ಯಾಯಾಲಯಗಳು ಒಪ್ಪುತ್ತವೆ.

ಆದ್ದರಿಂದ ಓದುಗರು ನೆನಪಿಡಬೇಕಾದುದಿಷ್ಟು: ಸಾಧ್ಯವಾದೊಡನೆ 112ಕ್ಕೆ ಕರೆ ಮಾಡಿ, ಗಾಯಾಳುವಿಗೆ ಚಿಕಿತ್ಸೆ ದೊರಕಿಸಿ, ಮುರಿದ ಬಾಗಿಲು, ಬಿದ್ದ ಆಯುಧಗಳನ್ನು ಇದ್ದಲ್ಲಿಯೇ ಬಿಡಿ, ವಕೀಲರನ್ನು ಸಂಪರ್ಕಿಸಿ. ಅಪಾಯದೊಂದಿಗೆ ಹುಟ್ಟುವ ಹಕ್ಕು ಅಪಾಯದೊಂದಿಗೇ ಕೊನೆಗೊಳ್ಳುತ್ತದೆ.