ಕಾಲಕ್ಕೆ ಸರಿಯಾಗಿ ಬಡಿಸುವ ಯಂತ್ರ

ಮೈಸೂರಿನ ನಮ್ಮ ಅಕ್ಕನ ಮನೆಯ ಮಹಡಿಯ ಮೇಲೊಂದು ಕಿರುಕೋಣೆಯಿದೆ. ಬಹುಕಾಲ ಉಪ್ಪಿನಕಾಯಿಯ ಭರಣಿಗಳಿಗೂ ಹಳೆಯ ಪಂಚಾಂಗಗಳಿಗೂ ಆಶ್ರಯವಾಗಿದ್ದ ಆ ಕೋಣೆಯಲ್ಲಿ ಈಗ ಅಕ್ಕನ ಮಗ, ಕಿಟಕಿಗಳಿಗೆ ಜಮಖಾನಗಳನ್ನು ಇಳಿಬಿಟ್ಟು, ವೀಣೆಯನ್ನೂ ಮೈಕನ್ನೂ ಎದುರುಬದುರಾಗಿ ಇರಿಸಿಕೊಂಡು, ಧ್ವನಿಮುದ್ರಣದ ತಪಸ್ಸಿನಲ್ಲಿ ತೊಡಗಿದ್ದಾನೆ. ತಪಸ್ಸಿಗೆ ವಿಘ್ನವಾಗಿ ಒದಗಿದ್ದುದು ಅವನ ಹಳೆಯ ಲ್ಯಾಪ್‌ಟಾಪು. ಆಲಾಪನೆ ಏರುತ್ತಿರುವಾಗಲೇ ಅದು ಬಿಸಿಯಾಗಿ ಬುಸುಗುಟ್ಟುವುದು. ತಾನದ ನಡುವೆ ಎಲ್ಲಿಂದಲೋ ‘ಚಟ್’ ಎಂಬೊಂದು ಸದ್ದು ನುಸುಳುವುದು. “ಮಾವ, ಮೇಜಿನ ಮೂಲೆಯಲ್ಲಿ ಕೂರುವಂಥ ಪುಟ್ಟ ಕಂಪ್ಯೂಟರು ಕೊಳ್ಳಬೇಕು, ನೀವೂ ಬನ್ನಿ” ಎಂದು ಅವನು ಕರೆದಾಗ, ಹಳೆಯ ರೇಡಿಯೋಗಳನ್ನು ಬಿಚ್ಚಿ ಕೂಡಿಸುವುದರಲ್ಲಿ ಯೌವನವನ್ನು ವ್ಯಯಮಾಡಿದ ನಾನು ಸಂತೋಷದಿಂದಲೇ ಹೊರಟೆ.

ಅಂಗಡಿಯ ತರುಣನು ಅಷ್ಟೋತ್ತರವನ್ನು ಹೇಳುವವನಂತೆ ಒಂದೊಂದು ಯಂತ್ರದ ಗುಣವಿಶೇಷಗಳನ್ನು ಪಠಿಸಿದನು: ಇಷ್ಟು ಕೋರುಗಳು, ಇಷ್ಟು ಗಿಗಾಹರ್ಟ್ಸು, ಇಷ್ಟು ರ್ಯಾಮು. ಎಲ್ಲವೂ ಬಲದ ವರ್ಣನೆಯೇ. ಸಂಗೀತದ ಕೆಲಸಕ್ಕೆ ಬೇಕಾದ ಎರಡು ಗುಣಗಳಾದ ಕಾಲನಿಷ್ಠೆ ಮತ್ತು ಮೌನಗಳ ವಿಷಯವಾಗಿ ಆ ಪಟ್ಟಿಯಲ್ಲಿ ಒಂದಕ್ಷರವೂ ಇರಲಿಲ್ಲ.

ಕಾಲನಿಷ್ಠೆಯೆಂದರೇನೆಂಬುದನ್ನು ಮದುವೆಯ ಮನೆಯ ಪಂಕ್ತಿಯಿಂದ ತಿಳಿಯಬಹುದು. ಮೈಕಿನಿಂದ ಬಂದ ನಾದವನ್ನು ಯಂತ್ರವು ಸೆಕೆಂಡಿಗೆ 44,100 ಬಾರಿಯೋ 48,000 ಬಾರಿಯೋ ಅಳೆದು ಅಂಕಿಗಳನ್ನಾಗಿ ಮಾಡಿಕೊಳ್ಳುತ್ತದೆ. ಈ ಅಂಕಿಗಳನ್ನು ಒಂದೊಂದಾಗಿ ಸಾಗಿಸುವುದು ಅಸಾಧ್ಯವಾದುದರಿಂದ, ಸಾರು ಬಡಿಸುವವನು ಬಕೆಟ್ಟಿನಲ್ಲಿ ತುಂಬಿಕೊಂಡು ಬರುವಂತೆ, ಅವನ್ನು ಗುಂಪುಗುಂಪಾಗಿ ಒಯ್ಯುತ್ತದೆ. ಈ ಬಕೆಟ್ಟಿಗೆ ಬಫರ್ ಎಂದು ಹೆಸರು. ಬಕೆಟ್ಟು ದೊಡ್ಡದಾದರೆ ಬಡಿಸುವವನು ನಿಧಾನವಾಗಿ ಓಡಾಡಬಹುದು. ಆದರೆ ಅದು ತುಂಬುವವರೆಗೆ ಪಂಕ್ತಿಯಲ್ಲಿ ಕುಳಿತವರು ಕಾಯಬೇಕು. ಚಿಕ್ಕದಾದರೆ ಯಾರೂ ಕಾಯಬೇಕಾದುದಿಲ್ಲ. ಆದರೆ ಅವನು ಎಡೆಬಿಡದೆ ಅಡುಗೆಮನೆಗೂ ಪಂಕ್ತಿಗೂ ಓಡುತ್ತಿರಬೇಕು, ಮತ್ತು ಒಂದೇ ಒಂದು ಸಲ ತಡವಾದರೂ ಎಲೆ ಬರಿದಾಗಿ ನಿಲ್ಲುತ್ತದೆ. ಹುಡುಗನ ತಾನದ ನಡುವೆ ಕೇಳಿಸುತ್ತಿದ್ದ ‘ಚಟ್’ ಎಂಬುದು ಆ ಬರಿದಾದ ಎಲೆಯ ಸದ್ದೇ.

1,024 ಅಂಕಿಗಳ ಬಕೆಟ್ಟು ತುಂಬಲು, 44,100ರ ಲೆಕ್ಕದಲ್ಲಿ, ಸುಮಾರು 23 ಮಿಲಿಸೆಕೆಂಡು ಬೇಕು. ಒಳಗೆ ಬರುವಾಗೊಮ್ಮೆ, ಹೊರಗೆ ಹೋಗುವಾಗೊಮ್ಮೆ ಕಾಯಬೇಕಾದುದರಿಂದ ಒಟ್ಟು 46. ಇದೇನು ಮಹಾ ವಿಳಂಬವೆಂದು ಕೇಳಬಹುದು. ಗಾಳಿಯಲ್ಲಿ ನಾದವು ಒಂದು ಮೀಟರು ಸಾಗಲು ಸುಮಾರು 3 ಮಿಲಿಸೆಕೆಂಡು ಹಿಡಿಯುತ್ತದೆಯಾಗಿ, ಹೆಡ್‌ಫೋನು ಧರಿಸಿ ಹಾಡುವವನಿಗೆ ತನ್ನ ಕಂಠವೇ ಹದಿನಾರು ಮೀಟರು ಆಚೆ ಕುಳಿತ ಇನ್ನೊಬ್ಬನದೆಂಬಂತೆ ಕೇಳುವುದು. ಅಂಥವನು ತಾಳವನ್ನು ಹಿಡಿಯುವುದುಂಟೆ? ಬಕೆಟ್ಟನ್ನು 128ಕ್ಕೆ ಇಳಿಸಿದರೆ ಅದು ಒಮ್ಮೆ ತುಂಬಲು ಮೂರು ಮಿಲಿಸೆಕೆಂಡಿಗಿಂತ ಕಡಿಮೆ ಸಾಕು. ವಿಳಂಬವು ಪಕ್ಕವಾದ್ಯದವನು ಕೂರುವಷ್ಟು ಹತ್ತಿರಕ್ಕೆ ಬರುತ್ತದೆ. ಆದರೆ ಆಗ ಯಂತ್ರವು ಆ ಮೂರು ಮಿಲಿಸೆಕೆಂಡಿನೊಳಗೇ ಎಲ್ಲ ಟ್ರ್ಯಾಕುಗಳ ಗಣಿತವನ್ನೂ ಮುಗಿಸತಕ್ಕದ್ದು, ಮತ್ತು ಹೀಗೆ ಸೆಕೆಂಡಿಗೆ ಮುನ್ನೂರ ನಲವತ್ತಕ್ಕೂ ಹೆಚ್ಚು ಸಲ, ಒಂದು ಸಲವೂ ತಪ್ಪದೆ, ಮಾಡತಕ್ಕದ್ದು. ಸರಾಸರಿಯಲ್ಲಿ ಎಷ್ಟೇ ಚುರುಕಾಗಿದ್ದರೂ ಪ್ರಯೋಜನವಿಲ್ಲ; ಸಮಕ್ಕೆ ಬಾರದ ಮೃದಂಗಗಾರನ ವೇಗದಿಂದ ಕಚೇರಿಗೆ ಆಗುವ ಉಪಕಾರವೇನು?

ಈ ನಿಷ್ಠೆಗೆ ಭಂಗ ತರುವವರು ಅನೇಕವೇಳೆ ಮನೆಯೊಳಗಿನವರೇ. ವಿಂಡೋಸ್ ಯಂತ್ರಗಳಲ್ಲಿ ವೈಫೈಯ ಡ್ರೈವರೋ ಗ್ರಾಫಿಕ್ಸ್ ಕಾರ್ಡಿನ ಡ್ರೈವರೋ ಒಂದೆರಡು ಮಿಲಿಸೆಕೆಂಡು ಪ್ರೊಸೆಸರನ್ನು ತನ್ನ ಕೈಯಲ್ಲೇ ಹಿಡಿದುಕೊಂಡುಬಿಟ್ಟರೆ ಉಳಿದವರೆಲ್ಲ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ. ಮುದ್ರಣದ ವೇಳೆಯಲ್ಲಿ ವೈಫೈಯನ್ನು ಆರಿಸಿಡುವುದು ಬಲ್ಲವರ ಪದ್ಧತಿ. ಅಲ್ಲದೆ ವಿಂಡೋಸಿನಲ್ಲಿ ಸ್ಟೈನ್‌ಬರ್ಗ್ ಸಂಸ್ಥೆಯು 1997ರಲ್ಲಿ ರೂಪಿಸಿದ ಎ.ಎಸ್.ಐ.ಒ. ಎಂಬ ಸಮೀಪಮಾರ್ಗವಿದೆ. ಮೈಕನ್ನು ಕಂಪ್ಯೂಟರಿಗೆ ಜೋಡಿಸಲು ಕೊಳ್ಳುವ ಆಡಿಯೋ ಇಂಟರ್‌ಫೇಸಿಗೆ ಅದನ್ನು ತಯಾರಿಸಿದವರೇ ಬರೆದ ಎ.ಎಸ್.ಐ.ಒ. ಡ್ರೈವರು ಇದೆಯೇ ಎಂದು ವಿಚಾರಿಸುವುದು, ಇನ್ನೆರಡು ಕೋರು ಹೆಚ್ಚಿವೆಯೇ ಎಂದು ವಿಚಾರಿಸುವುದಕ್ಕಿಂತ ಲಾಭಕರವೆಂದು ನನ್ನ ಅಭಿಪ್ರಾಯ.

ಕೋರುಗಳ ಮಾತು ಬಂದುದರಿಂದ ಹೇಳುತ್ತೇನೆ. ಹಾಲನ್ನು ಕಾಯಿಸಿ, ಹೆಪ್ಪು ಹಾಕಿ, ಮೊಸರನ್ನು ಕಡೆದು, ಬೆಣ್ಣೆಯನ್ನು ಕಾಸಿ ತುಪ್ಪ ತೆಗೆಯುವ ಕೆಲಸಕ್ಕೆ ಹತ್ತು ಮಂದಿಯನ್ನು ನೇಮಿಸಿದರೂ ತುಪ್ಪವು ಬೇಗ ಸಿಕ್ಕದು. ಒಂದಾದ ಮೇಲೆ ಒಂದು ಆಗಲೇಬೇಕು. ಒಂದು ಟ್ರ್ಯಾಕಿನ ಮೇಲೆ ಹೂಡಿದ, ಪ್ಲಗಿನ್ ಎಂಬ ಸಂಸ್ಕಾರಗಳ ಸರಣಿಯೂ ಹಾಗೆಯೇ: ಮೊದಲನೆಯ ಪ್ಲಗಿನ್ ಮುಗಿಸಿ ಕೊಟ್ಟುದನ್ನೇ ಎರಡನೆಯದು ತೆಗೆದುಕೊಳ್ಳಬೇಕಾದುದರಿಂದ, ಸಾಧಾರಣವಾಗಿ ಒಂದು ಸರಣಿ ಒಂದು ಕೋರಿನ ಪಾಲಿಗೆ ಬೀಳುತ್ತದೆ. ಆದಕಾರಣ ಒಂದೊಂದು ಕೋರಿನ ವೇಗವೇ ಮೊದಲು. ಐವತ್ತು ಅರುವತ್ತು ಟ್ರ್ಯಾಕುಗಳ ಚಿತ್ರಸಂಗೀತವನ್ನು ಕೈಗೊಳ್ಳುವವರಿಗೆ ಮಾತ್ರ ಕೋರುಗಳ ಸಂಖ್ಯೆಯೂ ಮುಖ್ಯವಾಗುತ್ತದೆ.

ಬಲಕ್ಕಿಂತ ಕಾಲನಿಷ್ಠೆ ಮೇಲೆಂಬುದಕ್ಕೆ ಇತಿಹಾಸದ ಸಾಕ್ಷ್ಯವೂ ಇದೆ. ವಾದ್ಯಗಳು ಪರಸ್ಪರ ಮಾತನಾಡುವ ಮಿಡಿ ಭಾಷೆ 1983ರಲ್ಲಿ ಬಂದಿತು. 1985ರ ಅಟಾರಿ ಎಸ್‌ಟಿ ಎಂಬ ಕಂಪ್ಯೂಟರಿನ ಮೈಯಲ್ಲೇ ಮಿಡಿಯ ದ್ವಾರಗಳಿದ್ದುವು. ಮೊದಲ ಮಾದರಿಯ ರ್ಯಾಮು 512 ಕಿಲೋಬೈಟು, ಎಂದರೆ ಇಂದಿನ ಒಂದು ಛಾಯಾಚಿತ್ರಕ್ಕೂ ಸಾಲದಷ್ಟು. ಕ್ಯೂಬೇಸ್ ತಂತ್ರಾಂಶವು 1989ರಲ್ಲಿ ಮೊದಲು ಬಂದುದು ಈ ಯಂತ್ರಕ್ಕೆ. ಇದಕ್ಕಿಂತ ಎಷ್ಟೋ ಪಾಲು ಬಲಶಾಲಿಗಳಾದ ಯಂತ್ರಗಳು ಬಂದ ಮೇಲೂ, ಲಯದ ಖಚಿತತೆಗಾಗಿ ಯೂರೋಪಿನ ಸಂಗೀತಗಾರರು ಬಹುವರ್ಷ ಇದನ್ನು ಕೈಬಿಡಲಿಲ್ಲ.

ಇನ್ನು ಮೌನ. ವೀಣೆಯ ತಂತಿಯ ಕೊನೆಯ ಅನುರಣನವನ್ನೂ ಹಿಡಿಯಲೆಂದು ಕೊಂಡ ಮೈಕು, ಮೇಜಿನ ಮೇಲಿನ ಫ್ಯಾನಿನ ಸುಯಿಲನ್ನೂ ಅದೇ ಶ್ರದ್ಧೆಯಿಂದ ಹಿಡಿಯುತ್ತದೆ. ಪೆಟ್ಟಿಗೆ ಚಿಕ್ಕದಾದಷ್ಟೂ ಫ್ಯಾನು ಚಿಕ್ಕದಾಗುತ್ತದೆ. ಅಷ್ಟೇ ಗಾಳಿಯನ್ನು ಸಾಗಿಸಲು ಅದು ಹೆಚ್ಚು ವೇಗವಾಗಿ ಸುತ್ತಬೇಕಾಗಿ ಬಂದು ಕೀರಲು ದನಿ ತೆಗೆಯುತ್ತದೆ. ಫ್ಯಾನೇ ಇಲ್ಲದ ಪೆಟ್ಟಿಗೆಗಳೂ ಉಂಟು. ಆದರೆ ಅವು ತಾಪವೇರಿದಾಗ ತಮ್ಮ ವೇಗವನ್ನು ತಾವೇ ತಗ್ಗಿಸಿಕೊಳ್ಳುವುದರಿಂದ, ಬೆಳಿಗ್ಗೆ ಸುಲಲಿತವಾಗಿ ನಡೆದ ಕೆಲಸವು ಏಪ್ರಿಲಿನ ಮಧ್ಯಾಹ್ನ ಎಡವಬಹುದು. ಎಷ್ಟು ಕಡಿಮೆ ವಿದ್ಯುತ್ತಿನಿಂದ ಕೆಲಸ ಸಾಗಿಸುತ್ತದೆಂಬುದೇ ಇಲ್ಲಿ ಪರೀಕ್ಷೆ. ಉಂಡ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿಯೇ ಹೊರಬರಬೇಕಷ್ಟೆ. ಪೆಟ್ಟಿಗೆಯನ್ನು ಮೈಕಿನಿಂದ ದೂರವಿಡುವುದು ಖರ್ಚಿಲ್ಲದ ಉಪಾಯ. ಇಂಟರ್‌ಫೇಸನ್ನು ಪೆಟ್ಟಿಗೆಗೆ ಜೋಡಿಸುವ ಯುಎಸ್‌ಬಿ 2ರ ತಂತಿ ಐದು ಮೀಟರಿನವರೆಗೆ ಇರಬಹುದು.

ಈ ಎರಡು ಒರೆಗಲ್ಲುಗಳಿಗೆ ಉಜ್ಜಿದಾಗ ನಮ್ಮ ಮುಂದೆ ಉಳಿದುವು ಎರಡು ಬಗೆ. ಒಂದು ಆಪಲ್ಲಿನ ಮ್ಯಾಕ್ ಮಿನಿ. 2005ರ ಜನವರಿಯಲ್ಲಿ ಹುಟ್ಟಿದಾಗ ಅದರ ಅತ್ಯಗ್ಗದ ಮಾದರಿಗೆ ಇದ್ದುದು 256 ಮೆಗಾಬೈಟಿನ ರ್ಯಾಮು; 2024ರ ಎಂ4 ಮಾದರಿಯದು ಕನಿಷ್ಠ 16 ಗಿಗಾಬೈಟು, ಪಾರ್ಶ್ವಗಳು 12.7 ಸೆಂಟಿಮೀಟರು, ಎತ್ತರ ಐದು. 2020ರಲ್ಲಿ ಆಪಲ್ ತನ್ನದೇ ಪ್ರೊಸೆಸರನ್ನು ಇದಕ್ಕೆ ಅಳವಡಿಸಿದಂದಿನಿಂದ ವೇಗವೂ ಮೌನವೂ ಒಂದೇ ಪೆಟ್ಟಿಗೆಯಲ್ಲಿ ಸಂಸಾರ ಮಾಡತೊಡಗಿವೆ. ಲಾಜಿಕ್ ಪ್ರೊ ಎಂಬ ತಂತ್ರಾಂಶವನ್ನು ನೆಚ್ಚಿದವರಿಗೆ ಬೇರೆ ದಾರಿಯೂ ಇಲ್ಲ. ಕಂಪ್ಯೂಟರುಗಳ ಪೈಕಿ ಅದು ಆಪಲ್ಲಿನವುಗಳ ಮೇಲಷ್ಟೇ ನಡೆಯುತ್ತದೆ. ದೋಷವೆಂದರೆ, ರ್ಯಾಮನ್ನು ಆಮೇಲೆ ಹೆಚ್ಚಿಸಲಾಗದು. ಕೊಳ್ಳುವ ದಿನದ ಲೋಭವೇ ಆಯುಷ್ಯಪರ್ಯಂತದ ಲೋಪ. ಪವರ್ ಗುಂಡಿಯನ್ನು ಪೆಟ್ಟಿಗೆಯ ತಳಭಾಗದಲ್ಲಿಟ್ಟ ಮಹಾಶಯನ ಅಂತರಂಗವಂತೂ ನನಗೆ ಇಂದಿಗೂ ತಿಳಿದಿಲ್ಲ.

ಎರಡನೆಯದು ಇಂಟೆಲ್ಲಿನ ನಕ್ ಎಂಬ ಪೆಟ್ಟಿಗೆಯ ವಂಶ. ಇಂಟೆಲ್ 2023ರಲ್ಲಿ ಈ ವ್ಯವಹಾರದಿಂದ ಹಿಂದೆಗೆದು ಏಸಸ್ ಸಂಸ್ಥೆಗೆ ಅದನ್ನು ವಹಿಸಿಕೊಟ್ಟಿತಾದರೂ, ಅದೇ ಆಕಾರದ ಪೆಟ್ಟಿಗೆಗಳನ್ನು ಈಗ ಅನೇಕರು ತಯಾರಿಸುತ್ತಾರೆ. ಇವುಗಳಲ್ಲಿ ಹಲವನ್ನು ಬಿಚ್ಚಿ ರ್ಯಾಮು, ಎಸ್‌ಎಸ್‌ಡಿಗಳನ್ನು ಕೈಯಾರೆ ಕೂರಿಸಬಹುದು. ಇದು ನನ್ನಂಥವರಿಗೆ ಪರಮಾನಂದ. ಅಗ್ಗದ ರೀಪರ್ ತಂತ್ರಾಂಶವಾಗಲಿ ಲಿನಕ್ಸಿನ ಆರ್ಡರ್ ಆಗಲಿ ಇವುಗಳ ಮೇಲೆ ಸೊಗಸಾಗಿ ನಡೆಯುತ್ತವೆ. ಆದರೆ ಫ್ಯಾನಿನ ಸ್ವಭಾವ ಒಂದೊಂದರದು ಒಂದೊಂದು ಬಗೆ; ಕಿವಿಯಿಂದ ಕೇಳದೆ ಕೊಳ್ಳಬಾರದು.

ರ್ಯಾಮು ಎಷ್ಟು ಬೇಕೆಂಬುದು ಕೆಲಸವನ್ನು ಅವಲಂಬಿಸಿದೆ. ಪಿಯಾನೋದ ಒಂದೊಂದು ಮನೆಯನ್ನೂ ಮೆಲ್ಲಗೆ, ನಡುವಾಗಿ, ಜೋರಾಗಿ ನುಡಿಸಿ ಮುದ್ರಿಸಿದ ಸ್ವರಭಂಡಾರಗಳನ್ನು ಬಳಸುವವರಿಗೆ, ಪ್ರತಿಯೊಂದು ಸ್ವರದ ಆರಂಭವೂ ರ್ಯಾಮಿನಲ್ಲಿ ಸಿದ್ಧವಾಗಿರಬೇಕಾದುದರಿಂದ, 32 ಗಿಗಾಬೈಟು ಅತಿಯಲ್ಲ. ಕಂಠವನ್ನೂ ವೀಣೆಯನ್ನೂ ಮುದ್ರಿಸುವವನಿಗೆ 16 ಧಾರಾಳ. 24 ಬಿಟ್ಟಿನ, 48,000ದ ಲೆಕ್ಕದಲ್ಲಿ ಎಂಟು ಟ್ರ್ಯಾಕುಗಳನ್ನು ಒಂದು ಗಂಟೆ ಮುದ್ರಿಸಿದರೂ ತುಂಬುವುದು ನಾಲ್ಕು ಗಿಗಾಬೈಟಿಗಿಂತ ಸ್ವಲ್ಪ ಹೆಚ್ಚು. ಗೇಮಿಗೆಂದು ಬರುವ ಗ್ರಾಫಿಕ್ಸ್ ಕಾರ್ಡು ಇಲ್ಲಿ ನಿಷ್ಪ್ರಯೋಜಕ. ಅದು ಶಾಖವನ್ನೂ ಸದ್ದನ್ನೂ ಮಾತ್ರ ತರುತ್ತದೆ.

ಹುಡುಗನು ಮ್ಯಾಕ್ ಮಿನಿಯನ್ನೇ ಕೊಂಡನು. ಉಳಿದ ಹಣದಲ್ಲಿ ಒಂದು ಯುಪಿಎಸ್ಸನ್ನೂ ಕೊಳ್ಳುವಂತೆ ನಾನು ಹಠಮಾಡಿದೆ. ಲ್ಯಾಪ್‌ಟಾಪಿನ ಹೊಟ್ಟೆಯಲ್ಲಿ ಬ್ಯಾಟರಿಯಿರುತ್ತದೆ, ಇದರಲ್ಲಿ ಇಲ್ಲ. ಪಲ್ಲವಿಯ ನಡುವೆ ಕರೆಂಟು ಹೋದರೆ ಪೆಟ್ಟಿಗೆಯ ಸೌಂದರ್ಯದಿಂದ ಸಮಾಧಾನವಾಗಲಾರದು. ಮೊದಲ ದಿನ ಬಫರನ್ನು 128ಕ್ಕಿಟ್ಟು ಅರ್ಧ ಗಂಟೆ ನುಡಿಸಿದನು. ‘ಚಟ್’ ಒಮ್ಮೆಯೂ ಬರಲಿಲ್ಲ. ಬುಸುಗುಟ್ಟುವಿಕೆಯೂ ಅಡಗಿದುದರಿಂದ, ಅದುವರೆಗೆ ಅದರ ಹಿಂದೆ ಮರೆಯಾಗಿದ್ದ ಇನ್ನೊಂದು ಸದ್ದು, ಮಂದ್ರದಲ್ಲಿ ಎಡೆಬಿಡದೆ ಗುಂಯ್‌ಗುಡುವುದೊಂದು, ಈಗ ಸ್ಫುಟವಾಗಿ ಕೇಳಿಸಿತು. “ಮಾವ, ಇದು ಯಾವ ಸ್ವರ?” ಎಂದನು. ಸೆಕೆಂಡಿಗೆ 50 ಸಲ ತಿರುಗುಮುರುಗಾಗುವ ನಮ್ಮ ಮನೆಮನೆಯ ವಿದ್ಯುತ್ತಿನ ಸ್ವರ ಅದು. ಹಳೆಯ ಮನೆಯ ಆ ಕೋಣೆಯ ಪ್ಲಗ್ಗಿಗೆ ಅರ್ಥಿಂಗೇ ಇರಲಿಲ್ಲ. ವೈರಿಂಗಿನವನು ಸೋಮವಾರ ಬರುತ್ತೇನೆಂದಿದ್ದಾನೆ.