ಗಾಜಿನ ಪೆಟ್ಟಿಗೆ, ಒಣ ಮರಳು, ಕಿಟಕಿಯ ಬಿಸಿಲು: ಮರಿ ಆಮೆಗೆ ಇಷ್ಟೇ ಸಾಕೇ?

ಅಂಗೈ ಮೇಲೆ ಕುಳಿತ ಪುಟ್ಟ ಆಮೆಯ ಫೋಟೊ. ಅದರ ಕೆಳಗೆ ನಾಲ್ಕು ಸಾಲಿನ ಸಲಹೆ: ಆಮೆ ಸಾಕುವುದು ಬಲು ಸುಲಭ. ಹಳೆಯ ಅಕ್ವೇರಿಯಂನಲ್ಲಿ ಒಣ ಮರಳು ಹಾಕಿ. ಕಿಟಕಿಯ ಬಳಿ ಬಿಸಿಲಿಗೆ ಇಡಿ. ಮರುಭೂಮಿಯ ಪ್ರಾಣಿ, ನೀರು ಬೇಕಿಲ್ಲ. ಚಿಕ್ಕ ಪೆಟ್ಟಿಗೆಯಲ್ಲಿಟ್ಟರೆ ಚಿಕ್ಕದಾಗಿಯೇ ಇರುತ್ತದೆ.

ಇಂಥ ಧಾಟಿಯ ಸಂದೇಶ ನಿಮ್ಮ ಗ್ರೂಪ್‌ಗೂ ಬಂದಿರಬಹುದು. ಇದನ್ನು ನಂಬಿ ಸಾಕಿದ ಮರಿ ಕೂಡಲೇ ಸಾಯುವುದಿಲ್ಲ. ತಿಂಗಳುಗಟ್ಟಲೆ ತಿನ್ನುತ್ತಾ, ಓಡಾಡುತ್ತಾ ಇರುತ್ತದೆ. ಹಾಗಾಗಿಯೇ "ನಾವೂ ಹೀಗೇ ಸಾಕಿದ್ದೇವೆ, ಏನೂ ಆಗಿಲ್ಲ" ಎಂಬ ಉತ್ತರ ಬರುತ್ತದೆ. ಆದರೆ ಒಳಗೆ ಮೂಳೆ ಮೆತ್ತಗಾಗುತ್ತಿರುತ್ತದೆ, ಚಿಪ್ಪು ಉಬ್ಬುತ್ತಿರುತ್ತದೆ. ಒಮ್ಮೆ ಹಾಗೆ ಬೆಳೆದ ಚಿಪ್ಪು ಮತ್ತೆ ಮೊದಲಿನಂತೆ ಆಗುವುದಿಲ್ಲ.

ಮೊದಲ ಪ್ರಶ್ನೆ: ಅದು ಯಾವ ಆಮೆ?

ಗೂಡಿನ ವಿಚಾರಕ್ಕೆ ಮೊದಲು ಇದು ತಿಳಿಯಬೇಕು. ಕಪ್ಪು ಚಿಪ್ಪಿನ ಮೇಲೆ ಹಳದಿ ಗೆರೆಗಳು ನಕ್ಷತ್ರದಂತೆ ಹರಡಿದ್ದರೆ ಅದು ನಕ್ಷತ್ರ ಆಮೆ. ಕರ್ನಾಟಕವೂ ಸೇರಿದಂತೆ ನಮ್ಮ ದೇಶದ ಒಣ ಪ್ರದೇಶಗಳಲ್ಲಿ ಕಾಣುವ ವನ್ಯಜೀವಿ ಇದು. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಪ್ರಕಾರ ಇದನ್ನು ಹಿಡಿಯುವುದು, ಮಾರುವುದು, ಮನೆಯಲ್ಲಿ ಸಾಕುವುದು ಅಪರಾಧ. ವಾಸ್ತುವಿಗೆ, ಅದೃಷ್ಟಕ್ಕೆ ಎಂದು ಕೊಂಡರೂ ಅಪರಾಧವೇ. 2019ರಲ್ಲಿ ಇದನ್ನು ಸೈಟಿಸ್ ಒಪ್ಪಂದದ ಮೊದಲನೇ ಪಟ್ಟಿಗೆ ಸೇರಿಸಲಾಯಿತು. ಅಂದರೆ ಕಾಡಿನ ನಕ್ಷತ್ರ ಆಮೆಗಳ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ ನಿಷೇಧವಿದೆ. ಈ ಕಳ್ಳಸಾಗಣೆ ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ: 2018ರ ನವೆಂಬರ್‌ನಲ್ಲಿ 51 ನಕ್ಷತ್ರ ಆಮೆಗಳನ್ನು ಸಿಂಗಾಪುರದಿಂದ ಕರ್ನಾಟಕಕ್ಕೆ ವಾಪಸ್ ತರಬೇಕಾಯಿತು.

ನಿಮ್ಮ ಮನೆಯಲ್ಲಿರುವುದು ನಕ್ಷತ್ರ ಆಮೆಯಾದರೆ ಅದಕ್ಕೆ ಗೂಡು ಕಟ್ಟಬೇಡಿ. ನೀವೇ ಒಯ್ದು ಹೊಲದಲ್ಲೋ ಕೆರೆಯಲ್ಲೋ ಬಿಡಲೂಬೇಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ.

ಸಾಕುಪ್ರಾಣಿ ಅಂಗಡಿಗಳಲ್ಲಿ ಕಾಣುವ ಇನ್ನೊಂದು ನೆಲದ ಆಮೆ ಸುಲ್ಕಾಟಾ. ಇದು ಆಫ್ರಿಕಾದ್ದು, ಸಹಾರಾ ಮರುಭೂಮಿಯ ದಕ್ಷಿಣ ಅಂಚಿನ ಪ್ರದೇಶ ಇದರ ನೆಲೆ. ಇಂಥ ವಿದೇಶಿ ಪ್ರಾಣಿಗಳನ್ನು ಸಾಕುವವರು ಕೇಂದ್ರ ಸರ್ಕಾರದ 2024ರ ನಿಯಮಗಳಂತೆ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ಕಾಗದಪತ್ರ ಕೊಡದ ಅಂಗಡಿಯಿಂದ ಕೊಳ್ಳಬೇಡಿ. ಮುಂದಿನ ವಿವರವೆಲ್ಲ ಈಗಾಗಲೇ ಕಾನೂನುಬದ್ಧವಾಗಿ ಸುಲ್ಕಾಟಾ ಮರಿ ಸಾಕಿರುವವರಿಗೆ.

ಹೇಳಿಕೆ 1: ಮರುಭೂಮಿ ಪ್ರಾಣಿ, ಒಣಗಿದ್ದರೇ ಒಳ್ಳೆಯದು

ತಪ್ಪು. ಸುಲ್ಕಾಟಾ ಒಣ ಪ್ರದೇಶದ ಆಮೆ ಎಂಬುದು ನಿಜ. ಆದರೆ ಅದು ದಿನವಿಡೀ ಬಿಸಿಲಲ್ಲಿ ಬಿದ್ದಿರುವುದಿಲ್ಲ. ಬಿಸಿಲೇರಿದಾಗ ನೆಲದ ಬಿಲದೊಳಗೆ ಸೇರಿಕೊಳ್ಳುತ್ತದೆ, ಅಲ್ಲಿ ಮಣ್ಣಿನ ತೇವವಿರುತ್ತದೆ. ನಾವು ಮೇಲಿನ ಮರುಭೂಮಿಯನ್ನಷ್ಟೇ ನೋಡಿ ಗೂಡು ಮಾಡುತ್ತೇವೆ, ಬಿಲವನ್ನು ಮರೆಯುತ್ತೇವೆ.

ಇದನ್ನು ಪರೀಕ್ಷಿಸಿಯೂ ನೋಡಲಾಗಿದೆ. ಆಸ್ಟ್ರಿಯಾದ ವಿಯೆನ್ನಾದ ಸಂಶೋಧಕರು 50 ಸುಲ್ಕಾಟಾ ಮರಿಗಳನ್ನು ಹುಟ್ಟಿದಾಗಿನಿಂದ 5 ತಿಂಗಳು ಬೇರೆ ಬೇರೆ ತೇವಾಂಶದಲ್ಲಿ, ಬೇರೆ ಬೇರೆ ಪ್ರಮಾಣದ ಪ್ರೋಟೀನ್ ಕೊಟ್ಟು ಬೆಳೆಸಿದರು. 2003ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಒಣ ವಾತಾವರಣದಲ್ಲಿ ಬೆಳೆದ ಮರಿಗಳ ಚಿಪ್ಪು ಹೆಚ್ಚು ಉಬ್ಬಿತ್ತು. ಪ್ರೋಟೀನ್‌ನಿಂದಾದ ವ್ಯತ್ಯಾಸ ಅಲ್ಪ. ಚಿಪ್ಪಿನ ಒಂದೊಂದು ಹಲ್ಲೆಯೂ ಗೋಪುರದಂತೆ ಏಳುವ ಈ ದೋಷಕ್ಕೆ ಪಿರಮಿಡ್ಡಿಂಗ್ ಎನ್ನುತ್ತಾರೆ. ಫಾರ್ವರ್ಡ್ ಫೋಟೊಗಳಲ್ಲಿ "ಎಷ್ಟು ಚೆಂದದ ಚಿಪ್ಪು" ಎಂದು ಮೆಚ್ಚಿಕೊಳ್ಳುವ ಉಬ್ಬುಗಳು ಎಷ್ಟೋ ಸಲ ಇವೇ.

ಒಣ ಮರಳಿನದು ಇನ್ನೊಂದು ಅಪಾಯ. ಸೊಪ್ಪಿನ ಜತೆ ಮರಳೂ ಹೊಟ್ಟೆ ಸೇರಿ ಕರುಳಿನಲ್ಲಿ ಕಟ್ಟಿಕೊಳ್ಳಬಹುದು.

ಹೇಳಿಕೆ 2: ಕಿಟಕಿಯ ಬಿಸಿಲು ಸಾಕು

ತಪ್ಪು. ಆಹಾರದಲ್ಲಿರುವ ಕ್ಯಾಲ್ಸಿಯಂ ಮೂಳೆ, ಚಿಪ್ಪಿಗೆ ಸೇರಬೇಕಾದರೆ ವಿಟಮಿನ್ ಡಿ3 ಬೇಕು. ಅದನ್ನು ತಯಾರಿಸಿಕೊಳ್ಳಲು ಚರ್ಮದ ಮೇಲೆ ಯುವಿಬಿ ಕಿರಣ ಬೀಳಬೇಕು. ಕಿಟಕಿಯ ಗಾಜು ಬೆಳಕನ್ನೂ ಬಿಸಿಯನ್ನೂ ಒಳಗೆ ಬಿಡುತ್ತದೆ, ಯುವಿಬಿಯನ್ನು ಬಹುಮಟ್ಟಿಗೆ ತಡೆಯುತ್ತದೆ. ಮರಿ ದಿನವಿಡೀ ಬೆಳಕಿನಲ್ಲಿದ್ದರೂ ಅದಕ್ಕೆ ಬೇಕಾದದ್ದು ಸಿಗುವುದಿಲ್ಲ. ಜತೆಗೆ, ಬಿಸಿಲಿಗಿಟ್ಟ ಗಾಜಿನ ಪೆಟ್ಟಿಗೆ ಬಾಗಿಲು ಮುಚ್ಚಿ ನಿಲ್ಲಿಸಿದ ಕಾರಿನಂತೆ ಕಾಯುತ್ತದೆ. ತಪ್ಪಿಸಿಕೊಳ್ಳಲು ಜಾಗವಿಲ್ಲದ ಮರಿ ಕೆಲವೇ ಹೊತ್ತಿನಲ್ಲಿ ಸಾಯಬಹುದು.

ಹೇಳಿಕೆ 3: ಚಿಕ್ಕ ಪೆಟ್ಟಿಗೆಯಲ್ಲಿಟ್ಟರೆ ಚಿಕ್ಕದಾಗಿಯೇ ಇರುತ್ತದೆ

ತಪ್ಪು. ಪೆಟ್ಟಿಗೆಯ ಅಳತೆ ನೋಡಿ ಯಾವ ಆಮೆಯೂ ಬೆಳವಣಿಗೆ ನಿಲ್ಲಿಸುವುದಿಲ್ಲ. ಬೆಳವಣಿಗೆ ಕುಂಠಿತವಾಗಿದ್ದರೆ ಅದಕ್ಕೆ ಕಾರಣ ಪೋಷಣೆಯ ಕೊರತೆ ಅಥವಾ ಕಾಯಿಲೆ. ಇಂದು 5 ಸೆಂಟಿಮೀಟರ್ ಇರುವ ಸುಲ್ಕಾಟಾ ಮರಿ ದೊಡ್ಡದಾದಾಗ 40 ಕಿಲೊ ದಾಟಬಲ್ಲದು. ಹಲವು ದಶಕ ಬದುಕುತ್ತದೆ. ಅಂದರೆ ಮುಂದೆ ಅದಕ್ಕೆ ಬೇಕಾಗುವುದು ಪೆಟ್ಟಿಗೆಯಲ್ಲ, ಗಟ್ಟಿ ಬೇಲಿಯಿರುವ ಅಂಗಳ. ಅಪಾರ್ಟ್‌ಮೆಂಟಿನಲ್ಲಿ ಇರುವವರು ಕೊಳ್ಳುವ ಮೊದಲೇ ಇದನ್ನು ಯೋಚಿಸಬೇಕು.

ಹಾಗಾದರೆ ಗೂಡು ಹೇಗಿರಬೇಕು?

ಜಾಗ: ಒಂದು ಮರಿಗೆ ಸುಮಾರು 4 ಅಡಿ ಉದ್ದ, 2 ಅಡಿ ಅಗಲ. ಗೋಡೆ ಆಚೆ ಕಾಣದಂತಿರಲಿ. ಪಾರದರ್ಶಕ ಗಾಜು ಆಮೆಗೆ ಅರ್ಥವಾಗುವುದಿಲ್ಲ, ದಿನವಿಡೀ ಅದನ್ನೇ ತಳ್ಳುತ್ತಿರುತ್ತದೆ. ಮೇಲ್ಭಾಗವನ್ನು ಬಹುಪಾಲು ಮುಚ್ಚಿ, ಗಾಳಿಗೆ ಸ್ವಲ್ಪ ಸಂದು ಬಿಟ್ಟರೆ ತೇವ ಉಳಿಯುತ್ತದೆ. ಒಂದು ಗೂಡಿಗೆ ಒಂದೇ ಮರಿ. ಎರಡಿದ್ದರೆ ಬಲಿಷ್ಠವಾದದ್ದು ಇನ್ನೊಂದನ್ನು ಊಟದಿಂದ, ಬಿಸಿ ಜಾಗದಿಂದ ದೂರ ತಳ್ಳುತ್ತದೆ. ಅದನ್ನು ನಾವು ಆಟವೆಂದುಕೊಳ್ಳುತ್ತೇವೆ.

ನೆಲ: ಗಿಡಗಳಿಗೆ ಬಳಸುವ ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ, 8ರಿಂದ 10 ಸೆಂಟಿಮೀಟರ್ ದಪ್ಪ. ಗೊಬ್ಬರ ಬೆರೆಸಿದ್ದು ಬೇಡ. ಕೆಳಪದರ ಒದ್ದೆ, ಮೇಲ್ಪದರ ಸ್ವಲ್ಪ ಒಣಗಿರಲಿ. ಒಂದು ಮೂಲೆಯಲ್ಲಿ ಹೂಕುಂಡವನ್ನು ಅಡ್ಡ ಮಲಗಿಸಿ, ಅರ್ಧ ಹೂತುಬಿಡಿ. ಅದೇ ಮರಿಯ ಬಿಲ.

ತೇವಾಂಶ: 70ರಿಂದ 80 ಶೇಕಡಾ. ಕಣ್ಣಂದಾಜು ಬೇಡ, ಹೈಗ್ರೋಮೀಟರ್ ಇಡಿ.

ಬಿಸಿ: ಒಂದು ತುದಿಯಲ್ಲಿ ದೀಪದ ಕೆಳಗೆ 35ರಿಂದ 38 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿ 26-27. ಮೈ ಬಿಸಿಯನ್ನು ತಾನೇ ಹೊಂದಿಸಿಕೊಳ್ಳಲು ಆಮೆ ಎರಡರ ನಡುವೆ ಓಡಾಡಬೇಕು. ಎರಡೂ ತುದಿಗೆ ಥರ್ಮಾಮೀಟರ್ ಇರಲಿ. ತೇವದ ಜತೆ ಚಳಿ ಸೇರಿದರೆ ಮರಿಗೆ ಉಸಿರಾಟದ ಸೋಂಕು ತಗಲುತ್ತದೆ. ಬೆಂಗಳೂರಿನಂಥ ಊರಿನಲ್ಲಿ ಜನವರಿ ರಾತ್ರಿಗಳು ಇದಕ್ಕೆ ತೀರ ತಣ್ಣಗೆ. ಆಗ ಬೆಳಕು ಬೀರದ ಸೆರಾಮಿಕ್ ಹೀಟರ್ ಅನ್ನು ಥರ್ಮೋಸ್ಟ್ಯಾಟ್‌ಗೆ ಜೋಡಿಸಿ ಬಳಸಬೇಕು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಸಮಸ್ಯೆ ಉಲ್ಟಾ: ಅಲ್ಲಿ ತಂಪು ತುದಿಯನ್ನು ತಂಪಾಗಿಡುವುದೇ ಕೆಲಸ.

ಯುವಿಬಿ: ಸರೀಸೃಪಗಳಿಗೆಂದೇ ಸಿಗುವ ಯುವಿಬಿ ಟ್ಯೂಬ್. ಬೆಳಕು ಕೊಡುತ್ತಿದ್ದರೂ ಅದರ ಯುವಿಬಿ ಕ್ರಮೇಣ ಕಡಿಮೆಯಾಗುತ್ತದೆ. ಕಂಪನಿ ಹೇಳಿದ ಅವಧಿಗೆ, ಸಾಮಾನ್ಯವಾಗಿ 6ರಿಂದ 12 ತಿಂಗಳಿಗೆ, ಬದಲಿಸಿ. ಬೆಳಗಿನ ಎಳೆಬಿಸಿಲಿಗೆ ನೇರವಾಗಿ ಬಿಡಬಹುದು, ಆದರೆ ಪಕ್ಕದಲ್ಲಿ ನೆರಳಿರಬೇಕು, ಕಾಗೆ ಬೆಕ್ಕುಗಳಿಂದ ಕಾಯಲು ನೀವಿರಬೇಕು.

ನೀರು: ಹೂಕುಂಡದ ಕೆಳಗಿಡುವ ಮಣ್ಣಿನ ತಟ್ಟೆ ಸಾಕು. ಅಂಚು ತಗ್ಗಾಗಿದ್ದು, ಮರಿ ಸುಲಭವಾಗಿ ಹತ್ತಿ ಇಳಿಯುವಂತಿರಲಿ. ದಿನವೂ 15-20 ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿ ಕೂರಿಸಿ. ನೀರು ಮೇಲಿನ ಚಿಪ್ಪು ಮತ್ತು ಹೊಟ್ಟೆಯ ಚಿಪ್ಪು ಕೂಡುವ ಮಟ್ಟ ದಾಟಬಾರದು. ಇದು ನೆಲದ ಆಮೆ, ಈಜಲಾರದು.

ಊಟ: ಹುಲ್ಲು ಮುಖ್ಯ. ಹಿಪ್ಪುನೇರಳೆ ಸೊಪ್ಪು, ದಾಸವಾಳದ ಎಲೆ ಮತ್ತು ಹೂವು, ಮುಳ್ಳು ತೆಗೆದ ಪಾಪಾಸುಕಳ್ಳಿ ಒಳ್ಳೆಯವು. ಯಾವುದಕ್ಕೂ ಕೀಟನಾಶಕ ಹೊಡೆದಿರಬಾರದು. ಪಾಲಕ್ ದಿನವೂ ಬೇಡ, ಅದರಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ದಕ್ಕದಂತೆ ಮಾಡುತ್ತದೆ. ಅನ್ನ, ಬ್ರೆಡ್, ಹಾಲು, ಹಣ್ಣು ಬೇಡವೇ ಬೇಡ.

ಮನೆಯಲ್ಲಿ ಮಕ್ಕಳಿದ್ದರೆ

ಆರೋಗ್ಯವಾಗಿ ಕಾಣುವ ಆಮೆಯ ಮೈಮೇಲೂ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಅಮೆರಿಕದಲ್ಲಿ ಮಕ್ಕಳಿಗೆ ಇದರ ಸೋಂಕು ತಗಲುತ್ತಿದ್ದ ಕಾರಣಕ್ಕೇ 1975ರಲ್ಲಿ 4 ಇಂಚಿಗಿಂತ ಚಿಕ್ಕ ಆಮೆಗಳನ್ನು ಸಾಕಲು ಮಾರುವುದನ್ನು ನಿಷೇಧಿಸಲಾಯಿತು. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ. ಆಮೆಯ ತಟ್ಟೆಯನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ. 5 ವರ್ಷದೊಳಗಿನ ಮಕ್ಕಳ ಕೈಗೆ ಕೊಡಬೇಡಿ.

ವೈದ್ಯರ ಬಳಿ ಯಾವಾಗ?

ಚಿಪ್ಪು ಮೆತ್ತಗಾಗಿದ್ದರೆ, ಕಣ್ಣು ಊದಿ ಮುಚ್ಚಿದ್ದರೆ, ಮೂಗಿನಲ್ಲಿ ಗುಳ್ಳೆ ಬರುತ್ತಿದ್ದರೆ, ಬಾಯಿ ತೆರೆದು ಉಸಿರಾಡುತ್ತಿದ್ದರೆ, ಎರಡು ದಿನ ಊಟ ಬಿಟ್ಟಿದ್ದರೆ ಮನೆಮದ್ದು ಮಾಡಬೇಡಿ. ಸರೀಸೃಪಗಳನ್ನು ನೋಡುವ ಪಶುವೈದ್ಯರಿಗೆ ತೋರಿಸಿ. ಮೆತ್ತಗಾದ ಚಿಪ್ಪಿಗೆ ಬೇಗ ಚಿಕಿತ್ಸೆ ಸಿಕ್ಕರೆ ಹಾನಿ ಅಲ್ಲಿಗೇ ನಿಲ್ಲಬಹುದು.

ನಮ್ಮ ತೀರ್ಮಾನ

ಒಣ ಮರಳು, ಕಿಟಕಿಯ ಬಿಸಿಲು, ಚಿಕ್ಕ ಪೆಟ್ಟಿಗೆ ಮರಿ ಆಮೆಗೆ ಸಾಕು ಎಂಬ ಸಂದೇಶ ತಪ್ಪು. ಮರಿಗೆ ಬೇಕಾದದ್ದು ಬೆಚ್ಚಗಿನ ತೇವ, ನಿಜವಾದ ಯುವಿಬಿ, ಅಡಗಲು ಬಿಲ, ಓಡಾಡಲು ಜಾಗ. ನಕ್ಷತ್ರ ಆಮೆಯಾದರೆ ಅದಕ್ಕೆ ಬೇಕಾದದ್ದು ನಮ್ಮ ಮನೆಯೇ ಅಲ್ಲ. ಮುಂದಿನ ಸಲ ಅಂಗೈ ಮೇಲಿನ ಆಮೆಯ ಫೋಟೊ ಬಂದಾಗ ಫಾರ್ವರ್ಡ್ ಒತ್ತುವ ಮೊದಲು ಅದರ ಚಿಪ್ಪನ್ನು ಒಮ್ಮೆ ದೊಡ್ಡದು ಮಾಡಿ ನೋಡಿ. ನಕ್ಷತ್ರವಿದೆಯೇ? ಗೋಪುರದಂತೆ ಉಬ್ಬಿದೆಯೇ? ಎರಡರಲ್ಲಿ ಒಂದಕ್ಕೆ ಹೌದು ಎಂದಾದರೂ ಆ ಸಂದೇಶ ನಿಮ್ಮಲ್ಲೇ ನಿಲ್ಲಲಿ.